ಜ್ವಾಲಾಮುಖಿ ಬೆಟ್ಟದಲ್ಲಿ ಚಾರಣ, ಸೈಕ್ಲಿಂಗ್, ಓಟ: ಲಾವಾ ಬಂದರೆ ಓಡಿ ತಪ್ಪಿಸಿಕೊಳ್ಳಬಹುದೇ?

ಈ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಬೋಳು ಬೆಟ್ಟದ ಇಳಿಜಾರಿನಲ್ಲಿ ಪ್ರವಾಸಿಗರು ಸಾಲಾಗಿ ಕೆಳಕ್ಕೆ ಓಡುತ್ತಿದ್ದಾರೆ. ಅವರ ಬೆನ್ನ ಹಿಂದೆ ಬೂದು ಬಣ್ಣದ ದೈತ್ಯ ಮೋಡವೊಂದು ಉರುಳುರುಳಿ ಏಳುತ್ತಿದೆ. ಕೆಲವರು ಓಡುತ್ತಲೇ ಹಿಂದೆ ತಿರುಗಿ ಮೊಬೈಲ್ ಹಿಡಿದಿದ್ದಾರೆ.

ಆ ವಿಡಿಯೊ ನಿಜವಾದದ್ದೇ. 2025ರ ಜೂನ್ 2ರಂದು ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಎಟ್ನಾ ಜ್ವಾಲಾಮುಖಿಯ ಮೇಲೆ ನಡೆದ ಘಟನೆ ಅದು. ಅಂದು ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಇಂಥ ವಿಡಿಯೊಗಳ ಜೊತೆ ಬರುವ ಸಾಲುಗಳಿವೆಯಲ್ಲ, ಅವು ಅಪಾಯಕಾರಿ. "ಲಾವಾ ನಿಧಾನ, ಓಡಿದರೆ ಸಾಕು." "ಸರ್ಕಾರ ನಾರ್ಮಲ್ ಅಂದಮೇಲೆ ಭಯ ಯಾಕೆ?" "ಮೂಗಿಗೆ ಒದ್ದೆ ಕರ್ಚೀಫ್ ಕಟ್ಟಿಕೊಂಡರೆ ಗ್ಯಾಸ್ ಏನೂ ಮಾಡಲ್ಲ."

ಬಾಲಿಯ ಬಾತೂರ್ ಬೆಟ್ಟದ ಸೂರ್ಯೋದಯ ಚಾರಣ, ಎಟ್ನಾದ ಕೇಬಲ್ ಕಾರ್ ಸವಾರಿ, ಇವೆಲ್ಲ ಈಗ ಟೂರ್ ಪ್ಯಾಕೇಜುಗಳಲ್ಲಿವೆ. ನಮ್ಮವರೂ ಹೋಗುತ್ತಿದ್ದಾರೆ. ಹೋಗುವುದು ತಪ್ಪೇನಲ್ಲ. ಆದರೆ ತಪ್ಪು ಮಾಹಿತಿ ನಂಬಿ ಹೋಗಬಾರದು. ಎಟ್ನಾವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದು ಮಾತನ್ನೂ ಪರೀಕ್ಷಿಸೋಣ.

ಒಂದೇ ಮಾತಿನಲ್ಲಿ ಹೇಳುವುದಾದರೆ: ಜ್ವಾಲಾಮುಖಿಯ ದಾರಿಗಳಲ್ಲಿ ಜನ ಸತ್ತಿರುವುದು ಹೆಚ್ಚಾಗಿ ಹರಿಯುವ ಲಾವಾದಿಂದಲ್ಲ. ಮುನ್ಸೂಚನೆ ಕೊಡದೆ ಸಿಡಿಯುವ ಹಬೆ, ಅದರ ಜೊತೆ ಹಾರಿಬರುವ ಕಲ್ಲು, ಸುಡುವ ಬೂದಿಯ ಮೋಡ ಮತ್ತು ಕಣ್ಣಿಗೆ ಕಾಣದ ಅನಿಲದಿಂದ. ಇವುಗಳಿಗಿಂತ ವೇಗವಾಗಿ ಯಾರೂ ಓಡಲಾರರು. ಕುಳಿಯಿಂದ ದೂರ ಇರುವುದೊಂದೇ ನಂಬಬಹುದಾದ ರಕ್ಷಣೆ.

ಎಟ್ನಾದಲ್ಲಿ ಜನ ಎಲ್ಲೆಲ್ಲಿ ಓಡಾಡುತ್ತಾರೆ?

ಎಟ್ನಾ 3,300 ಮೀಟರಿಗೂ ಹೆಚ್ಚು ಎತ್ತರದ, ಆಗಾಗ ಸಿಡಿಯುತ್ತಲೇ ಇರುವ ಸಕ್ರಿಯ ಜ್ವಾಲಾಮುಖಿ. 2013ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬುಡದಲ್ಲಿ ಕತಾನಿಯಾ ಎಂಬ ದೊಡ್ಡ ನಗರವಿದೆ, ಸುತ್ತ ದ್ರಾಕ್ಷಿ ಮತ್ತು ಪಿಸ್ತಾ ತೋಟಗಳಿವೆ. ಮೇಲೆ ಹೋದಂತೆ ಕಾಡು, ಇನ್ನೂ ಮೇಲೆ ಬರೀ ಕಪ್ಪು ಮರಳು ಮತ್ತು ಕಲ್ಲು.

ಬೆಟ್ಟ ಒಂದೇ ಆದರೂ ಎಲ್ಲ ದಾರಿಗಳ ಅಪಾಯ ಒಂದೇ ಅಲ್ಲ. ಮೂರು ಹಂತಗಳಾಗಿ ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ.

ಕೆಳಗಿನ ಮತ್ತು ನಡುವಿನ ದಾರಿಗಳು: ದಕ್ಷಿಣದಲ್ಲಿ ಸುಮಾರು 1,900 ಮೀಟರ್ ಎತ್ತರದಲ್ಲಿ ರಿಫುಜಿಯೊ ಸಪಿಯೆಂಜಾ ಎಂಬ ತಾಣವಿದೆ. ಬಸ್ಸು, ಕಾರು ಅಲ್ಲಿವರೆಗೆ ಹೋಗುತ್ತವೆ. ಪಕ್ಕದಲ್ಲೇ 1892ರ ಸ್ಫೋಟದಲ್ಲಿ ಹುಟ್ಟಿದ ಸಿಲ್ವೆಸ್ತ್ರಿ ಕುಳಿಗಳಿವೆ. ಈಗ ತಣ್ಣಗಾಗಿರುವ ಆ ಕುಳಿಗಳ ಅಂಚಿನಲ್ಲಿ ಮಕ್ಕಳನ್ನು ಕರೆದುಕೊಂಡು ಸುತ್ತು ಹಾಕಬಹುದು. ಈಶಾನ್ಯ ಭಾಗದಲ್ಲಿ 1865ರ ಸ್ಫೋಟದ ಗುರುತಾದ ಸಾರ್ತೊರಿಯಸ್ ಕುಳಿಗಳ ಸಾಲಿದೆ. ಅಲ್ಲಿ ಕಪ್ಪು ನೆಲದ ಮೇಲೆ ಬಿಳಿ ತೊಗಟೆಯ ಬರ್ಚ್ ಮರಗಳು ನಿಂತಿರುತ್ತವೆ. 'ಕತ್ತೆಯ ಬೆನ್ನು' ಎಂಬ ಅರ್ಥದ ಸ್ಕಿಯೇನಾ ದೆಲ್ಲಾಸಿನೊ ದಾರಿ ಹಿಡಿದರೆ, 'ವಾಲೆ ದೆಲ್ ಬೋವೆ' ಎಂಬ ಬೃಹತ್ ಕೊಳ್ಳವನ್ನು ಅಂಚಿನಲ್ಲಿ ನಿಂತು ನೋಡಬಹುದು. ಹೊಸ ಲಾವಾ ಎಷ್ಟೋ ಸಲ ಹರಿದು ಬೀಳುವುದು ಈ ಕೊಳ್ಳಕ್ಕೇ.

ಸೈಕಲ್ ದಾರಿಗಳು: ಜಿರೊ ದಿತಾಲಿಯಾ ಸೈಕಲ್ ರೇಸ್ ಹಲವು ಬಾರಿ ಎಟ್ನಾ ಹತ್ತಿದೆ. ಆ ಡಾಂಬರು ರಸ್ತೆಗಳಲ್ಲಿ ಸಾಮಾನ್ಯ ಸೈಕಲ್ ಸವಾರರೂ ಹತ್ತುತ್ತಾರೆ. ಮೌಂಟೇನ್ ಬೈಕ್ ಇರುವವರಿಗೆ 'ಆಲ್ತೊಮೊಂತಾನಾ' ಎಂಬ ಅರಣ್ಯ ಇಲಾಖೆಯ ಮಣ್ಣು ರಸ್ತೆ ಇದೆ. ಬೆಟ್ಟದ ಪಶ್ಚಿಮ ಮಗ್ಗುಲನ್ನು ಬಳಸಿಕೊಂಡು ಕಾಡು ಮತ್ತು ಹಳೆಯ ಲಾವಾ ಹಾಸುಗಳ ನಡುವೆ ಸಾಗುವ ಈ ದಾರಿಯಲ್ಲಿ ಸಾರ್ವಜನಿಕ ವಾಹನ ಸಂಚಾರವಿಲ್ಲ.

ತುದಿಯ ಕುಳಿಗಳು: ಸಪಿಯೆಂಜಾದಿಂದ ಕೇಬಲ್ ಕಾರ್ ಸುಮಾರು 2,500 ಮೀಟರಿಗೆ ಏರಿಸುತ್ತದೆ. ಅಲ್ಲಿಂದ ಮೇಲಿನದು ಬೇರೆಯೇ ಲೋಕ. ಎಷ್ಟು ಎತ್ತರದವರೆಗೆ ಒಬ್ಬರೇ ಹೋಗಬಹುದು, ಎಲ್ಲಿಂದ ಪರವಾನಗಿ ಇರುವ ಗೈಡ್ ಬೇಕು, ಎಲ್ಲಿ ಪೂರ್ತಿ ಬಂದ್ ಎಂಬುದನ್ನು ಬೆಟ್ಟದ ಪರಿಸ್ಥಿತಿ ನೋಡಿ ಸ್ಥಳೀಯ ಮೇಯರ್‌ಗಳು ಆದೇಶ ಹೊರಡಿಸುತ್ತಾರೆ. ಹೋದ ವರ್ಷ ಹೋದವರು ಹೇಳಿದ ಮಾತು ಈ ವರ್ಷಕ್ಕೆ ಅನ್ವಯಿಸಬೇಕಿಲ್ಲ. ನಿನ್ನೆ ತೆರೆದಿದ್ದ ದಾರಿ ಇಂದು ಮುಚ್ಚಿರಬಹುದು.

ಓಟಗಾರರಿಗೂ ಎಟ್ನಾ ಪ್ರಿಯ. ಸಮುದ್ರದ ದಡದಿಂದ ಹೊರಟು ಸುಮಾರು 3,000 ಮೀಟರ್ ಎತ್ತರಕ್ಕೆ ಏರುವ 'ಸೂಪರ್‌ಮರಥೋನಾ' ಎಂಬ ಓಟವೇ ಇದೆ. ಸುಮಾರು 43 ಕಿ.ಮೀ. ದೂರ, ಎಲ್ಲವೂ ಏರು.

ಈಗ ಫಾರ್ವರ್ಡ್‌ಗಳಿಗೆ ಬರೋಣ.

ಮಾತು 1: "ಲಾವಾ ನಿಧಾನವಾಗಿ ಹರಿಯುತ್ತದೆ, ಓಡಿದರೆ ಸಾಕು"

ತೀರ್ಪು: ಅರ್ಧ ಸತ್ಯ. ಅದಕ್ಕೇ ಹೆಚ್ಚು ಅಪಾಯಕಾರಿ.

ಎಟ್ನಾದ ಲಾವಾ ಗಟ್ಟಿ ಪಾಕದಂತಿರುತ್ತದೆ. ಕುಳಿಯಿಂದ ದೂರ ಬಂದು ತಣ್ಣಗಾಗತೊಡಗಿದ ಮೇಲೆ ಅದರ ಮುಂಭಾಗ ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಸರಿಯುತ್ತದೆ. ಇಲ್ಲಿವರೆಗೆ ಫಾರ್ವರ್ಡ್ ಸರಿ.

ಆದರೆ ಜೂನ್ 2ರ ವಿಡಿಯೊದಲ್ಲಿ ಇದ್ದದ್ದು ಲಾವಾ ಅಲ್ಲ. ಅಂದು ತುದಿಯ ಆಗ್ನೇಯ ಕುಳಿಯ ಒಂದು ಪಕ್ಕ ಕುಸಿಯಿತು. ಬಿಸಿ ಬೂದಿ, ಕಲ್ಲು, ಅನಿಲ ಒಟ್ಟಾಗಿ ಇಳಿಜಾರಿನಲ್ಲಿ ಧುಮುಕಿತು. ಇದಕ್ಕೆ ಪೈರೋಕ್ಲಾಸ್ಟಿಕ್ ಪ್ರವಾಹ ಎನ್ನುತ್ತಾರೆ. ಇಂಥ ಪ್ರವಾಹ ಗಂಟೆಗೆ 80 ಕಿ.ಮೀ. ವೇಗವನ್ನೂ ಮೀರಿ ನುಗ್ಗಬಲ್ಲದು. ಅದರೊಳಗಿನ ಶಾಖ ನೂರಾರು ಡಿಗ್ರಿ ಸೆಲ್ಸಿಯಸ್. ಉಸೇನ್ ಬೋಲ್ಟ್ ಮುಟ್ಟಿದ ಗರಿಷ್ಠ ವೇಗವೇ ಗಂಟೆಗೆ ಸುಮಾರು 44 ಕಿ.ಮೀ., ಅದೂ ಸಪಾಟಾದ ಟ್ರ್ಯಾಕ್ ಮೇಲೆ, ಕೆಲವೇ ಕ್ಷಣ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಜಾರುವ ಬೂದಿಯ ಮೇಲೆ ಓಡುವ ನಮ್ಮ ಲೆಕ್ಕ ಹಾಕಿ ನೋಡಿ.

ಹಾಗಾದರೆ ಅಂದು ಅವರು ಉಳಿದದ್ದು ಹೇಗೆ? ಓಟದ ಬಲದಿಂದಲ್ಲ. ಆ ಪ್ರವಾಹ ಜನವಿಲ್ಲದ ಕೊಳ್ಳದ ಕಡೆಗೆ ಇಳಿದು ಅಲ್ಲೇ ನಿಂತಿತು. ಜನ ಇದ್ದದ್ದು ಅದರಿಂದ ದೂರದಲ್ಲಿ. ದೂರ ಅವರನ್ನು ಕಾಪಾಡಿತು.

ಮಾತು 2: "ಸ್ಫೋಟಕ್ಕೆ ಮೊದಲು ಭೂಮಿ ನಡುಗುತ್ತದೆ, ಎಚ್ಚರಿಕೆ ಸಿಕ್ಕೇ ಸಿಗುತ್ತದೆ"

ತೀರ್ಪು: ದೊಡ್ಡ ಸ್ಫೋಟಗಳಿಗೆ ಬಹುಮಟ್ಟಿಗೆ ನಿಜ, ಹಬೆಯ ಸ್ಫೋಟಗಳಿಗೆ ತಪ್ಪು.

ಆಳದಿಂದ ಕರಗಿದ ಶಿಲೆ ಮೇಲೆ ಬರುವಾಗ ಬಂಡೆಗಳನ್ನು ಸೀಳಿಕೊಂಡು ಬರುತ್ತದೆ. ಸಣ್ಣ ಕಂಪನಗಳು ಹೆಚ್ಚುತ್ತವೆ, ಬೆಟ್ಟದ ಮೈ ಉಬ್ಬುತ್ತದೆ, ಅನಿಲದ ಪ್ರಮಾಣ ಬದಲಾಗುತ್ತದೆ. ಎಟ್ನಾದ ಮೇಲೆ ಇಟಲಿಯ ರಾಷ್ಟ್ರೀಯ ಭೂಭೌತ ಮತ್ತು ಜ್ವಾಲಾಮುಖಿ ಸಂಸ್ಥೆ ಹಗಲು ರಾತ್ರಿ ಕಣ್ಣಿಟ್ಟಿರುವುದು ಇದಕ್ಕಾಗಿಯೇ.

ಇನ್ನೊಂದು ಬಗೆಯ ಸ್ಫೋಟವಿದೆ. ಅದಕ್ಕೆ ಹೊಸ ಲಾವಾ ಮೇಲೆ ಬರಬೇಕಿಲ್ಲ. ನೆಲದೊಳಗಿನ ನೀರು ಕಾದು ಹಬೆಯಾಗಿ, ಹೊರಬರುವ ದಾರಿ ಕಟ್ಟಿಕೊಂಡರೆ ಸಾಕು. ನೀರು ಹಬೆಯಾದಾಗ ಸಾಮಾನ್ಯ ಒತ್ತಡದಲ್ಲಿ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕುಕ್ಕರ್‌ನ ವಿಸಿಲ್ ತೂತಿಗೆ ಬೇಳೆ ಸಿಕ್ಕಿಕೊಂಡು, ಸೇಫ್ಟಿ ವಾಲ್ವೂ ಕೈಕೊಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತು. ಬೆಟ್ಟದಲ್ಲೂ ಅದೇ ಆಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಹಾರುವುದು ಮುಚ್ಚಳವಲ್ಲ, ಬಂಡೆಗಳು.

ಎಟ್ನಾದಲ್ಲೇ ಇದು ನಡೆದಿದೆ. 1979ರ ಆಗಸ್ಟ್‌ನಲ್ಲಿ ಒಂದು ಸ್ಫೋಟ ನಡೆದು ಮುಗಿದಿತ್ತು. ಬೆಟ್ಟ ಶಾಂತವಾಗಿದೆ ಎಂದು ಪ್ರವಾಸಿಗರು ಮತ್ತೆ ತುದಿಗೆ ಬರತೊಡಗಿದ್ದರು. ಸೆಪ್ಟೆಂಬರ್ 12ರಂದು 'ಬೊಕ್ಕಾ ನುವೊವಾ' ಕುಳಿ ಇದ್ದಕ್ಕಿದ್ದಂತೆ ಕಲ್ಲುಗಳನ್ನು ಉಗುಳಿತು. ಅಂಚಿನಲ್ಲಿದ್ದವರಲ್ಲಿ 9 ಮಂದಿ ಸತ್ತರು, ಹಲವರು ಗಾಯಗೊಂಡರು. ಲಾವಾ ಅವರ ಹತ್ತಿರಕ್ಕೂ ಬಂದಿರಲಿಲ್ಲ.

ಮಾತು 3: "ಅಧಿಕೃತ ಮಟ್ಟ ನಾರ್ಮಲ್ ಇದೆ, ಅಂದಮೇಲೆ ಸೇಫ್"

ತೀರ್ಪು: ತಪ್ಪು.

ಇದಕ್ಕೆ ಅತ್ಯಂತ ನೋವಿನ ಉದಾಹರಣೆ ಜಪಾನಿನ ಒಂತಾಕೆ ಬೆಟ್ಟ. 2014ರ ಸೆಪ್ಟೆಂಬರ್ 27, ಶನಿವಾರ. ಎಲೆಗಳು ಕೆಂಪಾಗುವ ಕಾಲ, ಒಳ್ಳೆಯ ಬಿಸಿಲು, ತುದಿಯ ತುಂಬ ಚಾರಣಿಗರು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ, 11:52ಕ್ಕೆ, ಹಬೆಯ ಸ್ಫೋಟವಾಯಿತು. 58 ಮಂದಿ ಸತ್ತರು, ಐವರು ಸಿಗಲೇ ಇಲ್ಲ. ಆ ಹೊತ್ತಿಗೆ ಬೆಟ್ಟದ ಅಧಿಕೃತ ಎಚ್ಚರಿಕೆ ಮಟ್ಟ 1. ಅಂದರೆ 'ಸಾಮಾನ್ಯ'.

ಮರುವರ್ಷ ಜಪಾನ್ ಆ ಪದವನ್ನೇ ಬದಲಿಸಿತು. ಈಗ ಮಟ್ಟ 1ರ ಪಕ್ಕದಲ್ಲಿ 'ಸಾಮಾನ್ಯ' ಎಂದಿರುವುದಿಲ್ಲ. 'ಇದು ಸಕ್ರಿಯ ಜ್ವಾಲಾಮುಖಿ ಎಂಬುದು ನೆನಪಿರಲಿ' ಎಂಬರ್ಥದ ಮಾತಿದೆ. ಒಂದು ಪದದ ಬದಲಾವಣೆ ಸಣ್ಣದೆನಿಸಬಹುದು. ಆದರೆ ಆ ಪದ ನಂಬಿ ಹತ್ತಿದವರು ಎಷ್ಟು ಜನರಿದ್ದರು ಎಂದು ಯೋಚಿಸಿದರೆ ಅದು ಸಣ್ಣದಲ್ಲ.

ಎಚ್ಚರಿಕೆ ಇದ್ದರೂ ಜನ ಹೋದ ಉದಾಹರಣೆಗಳೂ ಇವೆ. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು ಸ್ಫೋಟವಾದಾಗ ಅಲ್ಲಿ 47 ಜನರಿದ್ದರು. 22 ಮಂದಿ ಸತ್ತರು. ಅದಕ್ಕೆ ಕೆಲವು ವಾರಗಳ ಹಿಂದಷ್ಟೇ ಮಟ್ಟವನ್ನು ಏರಿಸಲಾಗಿತ್ತು. ಇಂಡೋನೇಷ್ಯಾದ ಸುಮಾತ್ರಾದಲ್ಲಿರುವ ಮರಾಪಿ ಬೆಟ್ಟದ ಕುಳಿಯಿಂದ 3 ಕಿ.ಮೀ. ದೂರ ಇರಿ ಎಂದು ತಜ್ಞರ ಶಿಫಾರಸು ಇತ್ತು. ಆದರೂ 2023ರ ಡಿಸೆಂಬರ್ 3ರಂದು ಚಾರಣಿಗರು ತುದಿಯಲ್ಲಿದ್ದರು. 24 ಮಂದಿ ವಾಪಸ್ ಬರಲಿಲ್ಲ.

ಎಚ್ಚರಿಕೆಯ ಮಟ್ಟ ಅಂದರೆ ಹವಾಮಾನ ವರದಿ ಇದ್ದಂತೆ. ಮಳೆ ಸಾಧ್ಯತೆ ಕಡಿಮೆ ಎಂದರೆ ಮಳೆ ಬರುವುದೇ ಇಲ್ಲ ಎಂದಲ್ಲ. ಮಟ್ಟ ಹೆಚ್ಚಿದ್ದರೆ ಹೋಗಬೇಡಿ. ಮಟ್ಟ ಕಡಿಮೆ ಇದ್ದರೂ ಕುಳಿಯ ಅಂಚಿನಲ್ಲಿ ಕೂತು ತಿಂಡಿ ತಿನ್ನಬೇಡಿ. ನೋಡಿ, ಫೋಟೊ ತೆಗೆದು, ಕೆಳಗಿಳಿಯಿರಿ.

ಮಾತು 4: "ಹಿಮದ ಮೇಲೆ ಲಾವಾ, ಪಕ್ಕದಲ್ಲೇ ನಿಂತು ಸೆಲ್ಫಿ, ಏನೂ ಆಗಲ್ಲ"

ತೀರ್ಪು: ತಪ್ಪು.

2025ರ ಫೆಬ್ರವರಿಯಲ್ಲಿ ಎಟ್ನಾದ ಹಿಮದ ನಡುವೆ ಕೆಂಪು ಲಾವಾ ಹರಿಯಿತು. ಅದರ ಪಕ್ಕ ಸ್ಕೀಯಿಂಗ್ ಮಾಡುವವರ ವಿಡಿಯೊಗಳು ಜಗತ್ತೆಲ್ಲ ಸುತ್ತಿದವು. ನೋಡಲು ಚೆನ್ನ. ಆದರೆ ಹಪ್ಪಳ ಕರಿಯುವ ಎಣ್ಣೆಗೆ ಒದ್ದೆ ಕೈಯಿಂದ ನೀರು ಬಿದ್ದರೆ ಹೇಗೆ ಸಿಡಿಯುತ್ತದೆ? ಅಲ್ಲಿರುವುದು ಸಾವಿರ ಡಿಗ್ರಿಯ ಲಾವಾ, ಅದರಡಿ ಸಿಕ್ಕಿಕೊಂಡ ಹಿಮ.

2017ರ ಮಾರ್ಚ್ 16ರಂದು ಇದೇ ಬೆಟ್ಟದಲ್ಲಿ ಹಿಮದ ಮೇಲೆ ಲಾವಾ ಸಿಡಿದು, ಅಲ್ಲಿದ್ದ ಪ್ರವಾಸಿಗರು ಮತ್ತು ಬಿಬಿಸಿ ವರದಿಗಾರರ ತಂಡದ ಮೇಲೆ ಬಿಸಿ ಕಲ್ಲು, ಕುದಿಯುವ ಹಬೆ ಬಿತ್ತು. ಸುಮಾರು 10 ಮಂದಿಗೆ ಗಾಯವಾಯಿತು. ಯಾರೂ ಸಾಯದೇ ಉಳಿದದ್ದು ಅದೃಷ್ಟ.

ಮಾತು 5: "ಒದ್ದೆ ಬಟ್ಟೆ ಅಥವಾ ಮಾಸ್ಕ್ ಇದ್ದರೆ ಗ್ಯಾಸ್ ಏನೂ ಮಾಡಲ್ಲ"

ತೀರ್ಪು: ತಪ್ಪು.

ಬೂದಿ ಬೇರೆ, ಅನಿಲ ಬೇರೆ. ಎನ್95 ಮಾಸ್ಕ್ ಬೂದಿಯ ಕಣಗಳನ್ನು ಚೆನ್ನಾಗಿ ತಡೆಯುತ್ತದೆ. ಬಟ್ಟೆಯೂ ಸ್ವಲ್ಪ ತಡೆಯುತ್ತದೆ. ಅನಿಲ ಎರಡರ ಮೂಲಕವೂ ಒಳಗೆ ಬರುತ್ತದೆ.

ಮೂರು ಅನಿಲಗಳ ಹೆಸರು ತಿಳಿದಿದ್ದರೆ ಸಾಕು. ಸಲ್ಫರ್ ಡೈಆಕ್ಸೈಡ್ ಗಂಟಲು, ಕಣ್ಣು ಉರಿಸುತ್ತದೆ. ಆಸ್ತಮಾ ಇದ್ದವರಿಗೆ ಅಲ್ಲೇ ಉಸಿರು ಕಟ್ಟಬಹುದು. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಆದರೆ ಅದರ ಪ್ರಮಾಣ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದಾಗುತ್ತದೆ. "ವಾಸನೆ ಹೋಯ್ತು, ಈಗ ಪರವಾಗಿಲ್ಲ" ಎಂದುಕೊಳ್ಳುವ ಕ್ಷಣವೇ ಕೆಟ್ಟ ಕ್ಷಣ ಆಗಿರಬಹುದು.

ಮೂರನೆಯದು ಕಾರ್ಬನ್ ಡೈಆಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ನೀರಿನಂತೆ ತಗ್ಗಿಗೆ ಹರಿದು ಗುಂಡಿ, ಹಳ್ಳ, ಗುಹೆಗಳಲ್ಲಿ ನಿಲ್ಲುತ್ತದೆ. 1979ರ ಫೆಬ್ರವರಿಯಲ್ಲಿ ಜಾವಾದ ಡಿಯೆಂಗ್ ಪ್ರದೇಶದಲ್ಲಿ ಸ್ಫೋಟಕ್ಕೆ ಹೆದರಿ ಊರು ಬಿಟ್ಟು ನಡೆದುಹೋಗುತ್ತಿದ್ದ 140ಕ್ಕೂ ಹೆಚ್ಚು ಜನ ದಾರಿಯಲ್ಲೇ ಈ ಅನಿಲಕ್ಕೆ ಸಿಕ್ಕಿ ಸತ್ತರು. ಆದ್ದರಿಂದ ಗಾಳಿಯಾಡದ ತಗ್ಗಿನಲ್ಲಿ ಟೆಂಟ್ ಹಾಕಬೇಡಿ, ಅಲ್ಲಿ ಮಲಗಿ ವಿಶ್ರಾಂತಿ ತೆಗೆದುಕೊಳ್ಳಬೇಡಿ.

ಮಾತು 6: "ಇಜೆನ್‌ನಲ್ಲಿ ನೀಲಿ ಲಾವಾ ಹರಿಯುತ್ತದೆ"

ತೀರ್ಪು: ತಪ್ಪು. ದೃಶ್ಯ ಮಾತ್ರ ನಿಜ.

ಪೂರ್ವ ಜಾವಾದ ಕಾವಾ ಇಜೆನ್‌ನಲ್ಲಿ ರಾತ್ರಿ ಕಾಣುವ ನೀಲಿ ಬೆಳಕು ಗಂಧಕದ ಜ್ವಾಲೆ. ಬಿರುಕುಗಳಿಂದ ಬರುವ ಬಿಸಿ ಗಂಧಕದ ಅನಿಲ ಗಾಳಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಸ್ವಲ್ಪ ಗಂಧಕ ದ್ರವವಾಗಿ ಉರಿಯುತ್ತಲೇ ಇಳಿಜಾರಿನಲ್ಲಿ ಹರಿಯುವುದರಿಂದ ಲಾವಾದಂತೆ ಕಾಣುತ್ತದೆ. ಅಂದರೆ ಆ ಚೆಂದದ ಫೋಟೊ ತೆಗೆಯುವಾಗ ನೀವು ನಿಂತಿರುವುದು ಸಲ್ಫರ್ ಡೈಆಕ್ಸೈಡ್ ತಯಾರಾಗುವ ಜಾಗದಲ್ಲೇ.

ಮಾತು 7: "ಬೂದಿ ತಾನೇ, ತೊಳೆದರೆ ಹೋಗುತ್ತದೆ"

ತೀರ್ಪು: ತಪ್ಪು. ಸೈಕಲ್ ಸವಾರರು ಇದನ್ನು ಎರಡು ಸಲ ಓದಿ.

ಒಲೆಯ ಬೂದಿಗೂ ಜ್ವಾಲಾಮುಖಿಯ ಬೂದಿಗೂ ಹೆಸರು ಮಾತ್ರ ಒಂದೇ. ಇದು ಪುಡಿಯಾದ ಕಲ್ಲು ಮತ್ತು ಗಾಜು. ನೀರಿನಲ್ಲಿ ಕರಗುವುದಿಲ್ಲ. ಕಣ್ಣುಜ್ಜಿದರೆ ಗೀರುತ್ತದೆ, ಆದ್ದರಿಂದ ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ ಹಾಕಿ. ಸೈಕಲ್ ಚೈನು, ಬ್ರೇಕ್ ಪ್ಯಾಡ್‌ಗಳನ್ನು ಉಪ್ಪುಕಾಗದದಂತೆ ಸವೆಸುತ್ತದೆ.

ಡಾಂಬರಿನ ಮೇಲೆ ಬಿದ್ದ ಬೂದಿ ಸಣ್ಣ ಗುಂಡುಗಳ ಹಾಗೆ ಉರುಳುತ್ತದೆ. ತಿರುವಿನಲ್ಲಿ ಬ್ರೇಕ್ ಹಿಡಿದರೆ ಸೈಕಲ್ ಜಾರಿ ಬೀಳುವುದು ಖಚಿತ ಎನ್ನುವಷ್ಟು. ಜೋರಾಗಿ ಬೂದಿ ಬಿದ್ದಾಗ ಕತಾನಿಯಾ ನಗರ ಸೈಕಲ್ ಮತ್ತು ಬೈಕ್‌ಗಳನ್ನು ತಾತ್ಕಾಲಿಕವಾಗಿ ನಿಷೇಧಿಸಿ, ಕಾರುಗಳಿಗೆ ಗಂಟೆಗೆ 30 ಕಿ.ಮೀ. ಮಿತಿ ಹಾಕಿದ್ದೂ ಇದೇ ಕಾರಣಕ್ಕೆ.

ಲಾವಾ ಹಾಸುಗಳ ಮೇಲೆ ನಡೆಯುವವರಿಗೂ ಒಂದು ಮಾತು. ಒರಟು ಲಾವಾ ಒಡೆದ ಗಾಜಿನಷ್ಟು ಹರಿತ. ಚಪ್ಪಲಿ, ತೆಳು ಸೋಲಿನ ಶೂ ಬೇಡ. ಬಿದ್ದಾಗ ಕೈ ಊರುತ್ತೇವಲ್ಲ, ಅದಕ್ಕಾಗಿ ಕೈಗವಸು ಇಟ್ಟುಕೊಳ್ಳಿ.

ಎಲ್ಲರೂ ಮರೆಯುವ ಅಪಾಯ: ಎತ್ತರ ಮತ್ತು ಚಳಿ

ಪ್ರತಿ 1,000 ಮೀಟರ್ ಏರಿದಂತೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕತಾನಿಯಾದ ದಡದಲ್ಲಿ 32 ಡಿಗ್ರಿ ಸೆಖೆ ಇರುವಾಗ 3,000 ಮೀಟರ್ ಎತ್ತರದಲ್ಲಿ 12-13 ಡಿಗ್ರಿ ಇರಬಹುದು. ಜೊತೆಗೆ ಬೋಳು ಬೆಟ್ಟದ ಗಾಳಿ. ಟೀ ಶರ್ಟಿನಲ್ಲಿ ಕೇಬಲ್ ಕಾರ್ ಹತ್ತಿದವರು ಮೇಲೆ ನಡುಗುತ್ತಾರೆ. 3,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 70 ಮಾತ್ರ. ಹಾಗಾಗಿ ಅದೇ ವೇಗದ ಓಟಕ್ಕೆ ಹೆಚ್ಚು ಏದುಸಿರು. ತಲೆನೋವು, ವಾಕರಿಕೆ ಶುರುವಾದರೆ ಇಳಿಯುವುದೇ ಮದ್ದು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ ಟಿಕೆಟ್ ಮಾಡಿಸುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ.

ನಮ್ಮಲ್ಲಿ ಇಂಥ ದಾರಿ ಇದೆಯೇ?

ಲಾವಾ ನೆಲದ ಮೇಲೆ ನಡೆಯಲು ಕರ್ನಾಟಕದವರು ವಿಮಾನ ಹತ್ತಬೇಕಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಭಾಗಗಳ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಗೋಲ ಗುಮ್ಮಟ ಕಟ್ಟಿರುವುದು ಅದೇ ಕಲ್ಲಿನಲ್ಲಿ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಇನ್ನೂ ಹಳೆಯ ಲಾವಾ ತಣ್ಣಗಾಗಿ ಆದವು. ಇವೆಲ್ಲ ಎಂದೋ ಆರಿದ ಒಲೆಗಳು, ಮತ್ತೆ ಸಿಡಿಯುವ ಭಯವಿಲ್ಲ. ಭಾರತದ ಸಕ್ರಿಯ ಜ್ವಾಲಾಮುಖಿ ಇರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ. ಅಲ್ಲಿ ಚಾರಣದ ದಾರಿಗಳಿಲ್ಲ.

ಹೋಗುವ ಮೊದಲು ಏನು ಮಾಡಬೇಕು?

- ಹಿಂದಿನ ರಾತ್ರಿ ಮತ್ತು ಅದೇ ಬೆಳಿಗ್ಗೆ, ಎರಡು ಸಲ ಅಧಿಕೃತ ಎಚ್ಚರಿಕೆ ನೋಡಿ. ಇಟಲಿಯಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳು. ಇಂಡೋನೇಷ್ಯಾದಲ್ಲಿ ನಾಲ್ಕು ಮಟ್ಟ, ಜಪಾನಿನಲ್ಲಿ ಐದು.
- "ಬಂದ್ ಇದ್ದರೂ ನಾನು ಕರ್ಕೊಂಡು ಹೋಗ್ತೀನಿ" ಎನ್ನುವ ಗೈಡ್‌ನನ್ನು ನಂಬಬೇಡಿ. ಪರವಾನಗಿ ಕೇಳಿ.
- ಹೆಲ್ಮೆಟ್, ಎನ್95 ಮಾಸ್ಕ್, ಕನ್ನಡಕ, ಬೆಚ್ಚನೆಯ ಜಾಕೆಟ್, ತಲೆಗೆ ಕಟ್ಟುವ ಟಾರ್ಚ್, ನೀರು ಇರಲಿ.
- ಪ್ರವಾಸ ವಿಮೆಯ ಪಾಲಿಸಿ ಓದಿ. ನಿಷೇಧಿತ ಜಾಗದಲ್ಲಿ ಆದ ಗಾಯಕ್ಕೆ ಹಣ ಕೊಡುವುದಿಲ್ಲ ಎಂಬ ಷರತ್ತು ಇದೆಯೇ ನೋಡಿ.
- ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಮನೆಯವರಿಗೋ ಹೋಟೆಲಿನವರಿಗೋ ಹೇಳಿ.
- ಕಲ್ಲು ಹಾರತೊಡಗಿದರೆ ಮೊಬೈಲ್ ಒಳಗಿಡಿ. ಮೇಲೆ ನೋಡಿ, ಕಲ್ಲು ಬರುವ ದಿಕ್ಕು ತಿಳಿದು, ದೊಡ್ಡ ಬಂಡೆ ಅಥವಾ ದಿಬ್ಬದ ಮರೆಗೆ ಹೋಗಿ. ಬ್ಯಾಗಿನಿಂದ ತಲೆ ಮುಚ್ಚಿಕೊಳ್ಳಿ. ಕಲ್ಲು ನಿಂತ ಕೂಡಲೇ ಕುಳಿಯಿಂದ ದೂರ ಸರಿಯಿರಿ. ಹಳ್ಳ, ಕೊಳ್ಳದ ತಳ ಹಿಡಿದು ಇಳಿಯಬೇಡಿ, ಏಣಿನ ಮೇಲೆ ಇಳಿಯಿರಿ.

ಎಟ್ನಾದ ಕಾಡುದಾರಿಯಲ್ಲಿ ಸೈಕಲ್ ತುಳಿಯುವುದು, ಹಳೆಯ ಕುಳಿಯ ಅಂಚಿನಲ್ಲಿ ಮಕ್ಕಳ ಜೊತೆ ನಡೆಯುವುದು ಬದುಕಿನಲ್ಲಿ ಮರೆಯದ ಅನುಭವ. ಅದಕ್ಕೆ ಸಿಡಿಯುತ್ತಿರುವ ಕುಳಿಯ ಬಾಯಿಗೆ ಹೋಗಬೇಕಾಗಿಯೇ ಇಲ್ಲ.

ಆ ಓಡುವ ಜನರ ವಿಡಿಯೊ ಮತ್ತೆ ಬಂದರೆ ಫಾರ್ವರ್ಡ್ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಕೆಳಗೆ ಈ ಸಾಲು ಸೇರಿಸಿ: "ಇವರು ಉಳಿದದ್ದು ಓಡಿದ್ದರಿಂದಲ್ಲ, ದೂರ ಇದ್ದದ್ದರಿಂದ. ಬಂದ್ ಎಂದು ಬೋರ್ಡ್ ಹಾಕಿದ್ದರೆ ವಾಪಸ್ ಬನ್ನಿ." ನಿಮ್ಮ ಗ್ರೂಪಿನಲ್ಲಿ ಮುಂದಿನ ತಿಂಗಳು ಬಾಲಿಗೆ ಹೊರಟಿರುವವರು ಯಾರಾದರೂ ಇರಬಹುದು.